ಹೊಳೆಯ ಸ್ಪಂಜು ಮತ್ತು ನಮ್ಮತ್ತೆಯ ಬಾವಿ ನೀರು

ಮಗುವಿನ ಸರಿ ಹಿಟ್ಟು ಸೋಸುವ ಬಟ್ಟೆಯಲ್ಲಿ ಒಂದು ಗೇಣು ಕತ್ತರಿಸಿಕೊಂಡವಳು ನಾನೇ. ಇಷ್ಟು ವರ್ಷವಾದ ಮೇಲೆ ಒಪ್ಪಿಕೊಳ್ಳುವುದಕ್ಕೇನು? ಆಗ ಮಾತ್ರ ಇಲಿ ಕಡಿದಿರಬೇಕು ಅಂದಿದ್ದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಮದ್ದೂರಿನಲ್ಲಿದ್ದೆವು. ನನ್ನ ಗಂಡ ಅಲ್ಲೇ ಹತ್ತಿರದ ಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿದರೆ ಮತ್ತೆ ಮನೆ ಕಾಣುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯತನಕ ನನ್ನ ಎಂಟು ತಿಂಗಳ ಮಗಳನ್ನು ನೋಡಿಕೊಳ್ಳುತ್ತಿದ್ದವರು ನಮ್ಮತ್ತೆ. ದುದ್ದದ ಕಡೆಯವರು. ಓದು ಬರಹ ಇಲ್ಲ, ಬಾಯಿ ಜೋರು, ಕೆಲಸ ಬಾಯಿಗಿಂತ ಜೋರು. ಅವರು ಒಂದು ದಿನ ಊರಿನಲ್ಲಿಲ್ಲ ಎಂದರೆ ಆ ದಿನ ನಾನು ಕಾಲೇಜಿಗಿಲ್ಲ. ಅವರು ನಮ್ಮ ಮನೆಯಲ್ಲಿ ಇರುವುದೇ ಇಲ್ಲ ಎಂದಾದರೆ ನನ್ನ ಕೆಲಸವೂ ಇರುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ನಮ್ಮತ್ತೆ ಸರಿ ಹಿಟ್ಟು ಮಾಡುವುದನ್ನು ನೋಡಬೇಕಿತ್ತು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿ, ಆಮೇಲೆ ಹಳೇ ಪಂಚೆಯನ್ನು ಪಾತ್ರೆಯ ಬಾಯಿಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಹಿಟ್ಟು ಹಾಕಿ ಅಂಗೈಯಿಂದ ತಿಕ್ಕುವುದು. ಬಟ್ಟೆಯ ಕೆಳಗೆ ಇಳಿದದ್ದು ಮಾತ್ರ ಮಗುವಿನ ಪಾಲು. ನೂರು ಸಲ ತೊಳೆದು ಮೆತ್ತಗಾದ ಆ ಬಟ್ಟೆಯ ಮೇಲೆ ನನ್ನ ಕಣ್ಣು ಬಿತ್ತು.

ಕಾರಣವಿತ್ತು. ಆ ವರ್ಷ ತರಗತಿಯಲ್ಲಿ ಸ್ಪಂಜುಗಳ ಪಾಠ ನಡೆಯುತ್ತಿತ್ತು. ಸ್ಪಂಜನ್ನು ತೆಳು ಬಟ್ಟೆಯಲ್ಲಿಟ್ಟು ನೀರಿನೊಳಗೆ ಹಿಂಡಿದರೆ ಅದರ ಮೈಯೆಲ್ಲ ಪುಡಿಪುಡಿಯಾಗಿ, ಒಂದೊಂದು ಜೀವಕೋಶವೂ ಬೇರೆಬೇರೆಯಾಗಿ ತಟ್ಟೆಯ ತಳಕ್ಕೆ ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಆ ಕೋಶಗಳು ತಾವಾಗಿಯೇ ತೆವಳಿ, ಒಂದನ್ನೊಂದು ಹಿಡಿದುಕೊಂಡು, ಮತ್ತೆ ಸ್ಪಂಜಾಗುತ್ತವೆ. ಪುಸ್ತಕದಲ್ಲಿದ್ದುದನ್ನು ನಾನು ಹಾಗೇ ಹೇಳಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಇದನ್ನ ನೀವು ನೋಡಿದೀರಾ ಮಿಸ್?" ಅಂದಳು. ನೋಡಿರಲಿಲ್ಲ. ಹಾಗೆನ್ನಲು ನನ್ನ ಜಂಬ ಬಿಡಬೇಕಲ್ಲ! "ಇನ್ನೊಂದು ವಾರದಲ್ಲಿ ನಿಮಗೇ ತೋರಿಸ್ತೀನಿ" ಎಂದುಬಿಟ್ಟೆ.

ಪುಸ್ತಕದ ಸ್ಪಂಜು ಸಮುದ್ರದ್ದು. ಆದರೆ ನಮ್ಮ ಹೊಳೆಗಳಲ್ಲೂ ಸ್ಪಂಜಿದೆ. ಚಳಿಗಾಲದಲ್ಲಿ ಶಿಂಷಾ ಹೊಳೆಯ ನೀರು ಇಳಿದಾಗ ಕಲ್ಲುಗಳ ತಳದಲ್ಲಿ ಹಸಿರು ಹಸಿರಾಗಿ, ಬೂದು ಬೂದಾಗಿ ಅಂಟಿಕೊಂಡಿರುತ್ತದೆ. ನೋಡಿದವರು ಪಾಚಿ ಎಂದುಕೊಂಡು ತುಳಿದು ಹೋಗುತ್ತಾರೆ. ಒಂದು ಭಾನುವಾರ ಗಂಡನನ್ನು ಹೊಳೆಗಿಳಿಸಿ ಒಂದು ಚೊಂಬಿನಷ್ಟು ತೆಗೆಸಿಕೊಂಡು ಬಂದೆ. ಕಾಲೇಜಿನಲ್ಲಿ ಎಲ್ಲರ ಮುಂದೆ ನಗೆಪಾಟಲಾಗುವ ಮೊದಲು ಮನೆಯಲ್ಲಿ ಒಮ್ಮೆ ಮಾಡಿ ನೋಡುವುದು ಜಾಣತನ ಅನ್ನಿಸಿತ್ತು.

ಹೊಳೆಯ ಸ್ಪಂಜಿಗೆ ಒಂದು ಗುಣ. ನೀರಿನಿಂದ ಹೊರಗೆ ಬಂದರೆ ನಾರುತ್ತದೆ. ಅತ್ತೆ ಹಿತ್ತಲಿನಿಂದ ಸೆರಗು ಮೂಗಿಗೆ ಹಿಡಿದೇ ಒಳಗೆ ಬಂದರು.

"ಇದೇನ್ ಮಗ ಈ ನಾತ? ಮೀನ್ ಸತ್ತಂಗೆ ನಾರ್ತದೆ."

"ಸ್ಪಂಜು ಅತ್ತೆ. ಅದೂ ಒಂದು ಪ್ರಾಣಿ."

"ಪ್ರಾಣಿಯಾ? ಕಣ್ಣಿಲ್ಲ, ಮೂತಿಯಿಲ್ಲ, ಕಾಲಿಲ್ಲ. ಇದ್ಯಾವ್ ಸೀಮೆ ಪ್ರಾಣಿ ಕಣಮ್ಮ?" ಎಂದವರು ತಟ್ಟೆಯ ಪಕ್ಕ ಬಿದ್ದಿದ್ದ ಬಟ್ಟೆಯ ತುಂಡನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಇಲಿಯ ಕಥೆಯನ್ನು ನಂಬಿರಲಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು.

ಈಗ ನನ್ನ ಜಾಣತನದ ಮುಂದಿನ ಭಾಗ. ಇಂಥ ಸೂಕ್ಷ್ಮದ ಕೆಲಸಕ್ಕೆ ನಮ್ಮ ಬಾವಿಯ ನೀರು ಹಾಕುವುದುಂಟೆ? ಆ ನೀರಿನ ಮೇಲೆ ಮದುವೆಯಾಗಿ ಬಂದ ದಿನದಿಂದ ನನಗೆ ಸಿಟ್ಟು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬಿಡುತ್ತಿರಲಿಲ್ಲ, ತಲೆಗೆ ಸ್ನಾನ ಮಾಡಿದರೆ ಕೂದಲು ಸಿಕ್ಕು. ಸ್ನಾನದ ಹಂಡೆಯ ಒಳಗೆ ಬೆರಳಿನ ದಪ್ಪಕ್ಕೆ ಬಿಳಿ ಪದರ ಕಟ್ಟಿತ್ತು. ಹಾಗಾಗಿ ಪೇಟೆಯಲ್ಲಿ ಬ್ಯಾಟರಿ ಚಾರ್ಜು ಮಾಡುವ ಅಂಗಡಿಗೆ ಹೋಗಿ ಎರಡು ಸೀಸೆ ಬಟ್ಟಿ ಇಳಿಸಿದ ನೀರು ತಂದೆ. ಅಂಗಡಿಯವನು "ಯಾವ್ ಗಾಡಿಗಕ್ಕಾ?" ಅಂದ. "ಗಾಡಿಗಲ್ಲ, ಪ್ರಾಣಿಗೆ" ಅಂದೆ. ಅವನು ಬೇಗಬೇಗ ಚಿಲ್ಲರೆ ಎಣಿಸಿ ಕೊಟ್ಟ.

ಆ ನೀರಿನಲ್ಲಿ ಸ್ಪಂಜನ್ನು ಹಿಂಡಿದೆ. ಹಸಿರು ಹೊಗೆಯ ಹಾಗೆ ಇಳಿದು ತಳದಲ್ಲಿ ನುಣ್ಣನೆಯ ಪುಡಿ ನಿಂತಿತು. ಮಾರನೆಯ ಬೆಳಿಗ್ಗೆ ನೋಡಿದರೆ ಪುಡಿ ಪುಡಿಯಾಗಿಯೇ ಇತ್ತು. ಕೊಳೆ ಉಳಿದಿರಬೇಕು ಎಂದುಕೊಂಡೆ. ಮುಂದಿನ ಭಾನುವಾರ ಮಧ್ಯಾಹ್ನ ಹೊಳೆಯಿಂದ ಹೊಸ ಸ್ಪಂಜು ತರಿಸಿ ಮತ್ತೆ ಹಿಂಡಿ, ಈ ಸಲ ಬ್ಯಾಟರಿ ನೀರಿನಲ್ಲೇ ಮೂರು ಬಾರಿ ತೊಳೆದೆ. ಕಾಲೇಜಿನಿಂದ ತಂದ ನಾಲ್ಕು ಗಾಜಿನ ತಟ್ಟೆಗಳಲ್ಲಿ ಹಂಚಿ ನಡುಮನೆಯ ಕಿಟಕಿಯಲ್ಲಿಟ್ಟೆ. ಸಂಜೆಯ ತನಕ ಏನೂ ಆಗಲಿಲ್ಲ. ಒಂದು ತಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡಲು ಓರೆ ಮಾಡಿ ನೀರನ್ನು ಮುಕ್ಕಾಲು ಚೆಲ್ಲಿಕೊಂಡೆ. ಮಗು ಅತ್ತಿತು. ಹಾಗೇ ಇಟ್ಟು ಎದ್ದು ಹೋದೆ.

ಅತ್ತೆಗೊಂದು ಪದ್ಧತಿಯಿತ್ತು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ತಳ ಒಣಗಿದ ಪಾತ್ರೆ ಇರಕೂಡದು. ಕೊಡ, ಬಿಂದಿಗೆ, ಚೊಂಬು, ಮಗುವಿಗೆ ಹಾಲು ಕುಡಿಸುವ ಒಳಲೆ, ಹೊರಗಿನ ದನದ ಕಲ್ಲುಬಾನಿ, ಎಲ್ಲಕ್ಕೂ ಒಂದು ಚೂರಾದರೂ ನೀರು ಹಾಕಿಯೇ ಅವರು ದೀಪದ ಮುಂದೆ ಹೋಗುತ್ತಿದ್ದರು. ಯಾಕೆ ಎಂದು ಕೇಳಿದರೆ, "ಒಣಗಿದ್ ಪಾತ್ರೆ ಬಾಯ್ ಬುಟ್ಕಂಡ್ ಕೂತಿದ್ರೆ ಚಂದವಾ?" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಶಾಸ್ತ್ರ ಅವರಲ್ಲಿರಲಿಲ್ಲ.

ಮಗುವನ್ನು ಸಮಾಧಾನ ಮಾಡಿ ಬರುವಷ್ಟರಲ್ಲಿ ಕಿಟಕಿಯ ಕಟ್ಟೆ ಒದ್ದೆಯಾಗಿತ್ತು. ನಾನು ಚೆಲ್ಲಿಕೊಂಡಿದ್ದ ತಟ್ಟೆಯಲ್ಲಿ ಅಂಚಿನ ತನಕ ನೀರು. ಅತ್ತೆಯ ಕೈಯಲ್ಲಿ ಚೊಂಬು.

"ಒಣಗೋಗಿತ್ತು ಕಣಮ್ಮ, ಒಸಿ ನೀರ್ ಉಯ್ದೆ" ಅಂದರು.

ನನಗೆ ಎಲ್ಲಿತ್ತೋ ಆ ಕೋಪ. ಎರಡು ಸಲದ ಸೋಲು, ತರಗತಿಯಲ್ಲಿ ಕೊಟ್ಟ ಮಾತು, ಎಲ್ಲ ಒಟ್ಟಿಗೆ ನೆತ್ತಿಗೇರಿತು. "ಅಕ್ಷರ ಗೊತ್ತಿಲ್ಲದವರು ಇದನ್ನೆಲ್ಲ ಯಾಕೆ ಮುಟ್ಟೋಕೆ ಹೋಗ್ತೀರಿ?" ಎಂದು ಕಿರುಚಿದೆ. ಗಂಡ ಪೇಪರಿನ ಹಿಂದೆ ಇನ್ನೂ ಸ್ವಲ್ಪ ಒಳಗೆ ಸರಿದರು. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತಿದ್ದಳು. ಅತ್ತೆ ಚೊಂಬನ್ನು ಕೆಳಗಿಟ್ಟು ದೀಪ ಹಚ್ಚಿದರು.

ಬೆಳಿಗ್ಗೆ ಅವರು ಜಗಲಿಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದರು. ಮಗನಿಗೆ ಹೇಳುತ್ತಿದ್ದರು: "ಮಳವಳ್ಳಿಗೆ ಓಯ್ತೀನಿ ಕಣ್ಲಾ. ನನ್ ಮಗಳ ಮನೇಲಿ ಇರ್ತೀನಿ. ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ." ಹತ್ತು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನನ್ನ ರೈಲು ಹೋಗಿ ಆಗಿತ್ತು. ಇವತ್ತಿಗೆ ರಜೆ, ನಾಳೆಗೂ ರಜೆ, ಆಮೇಲೆ ಏನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಾಯಿ ತೆರೆದು ತಪ್ಪಾಯಿತು ಎನ್ನಲಾರದೆ, ತಟ್ಟೆಗಳನ್ನಾದರೂ ತೊಳೆದಿಡೋಣ ಎಂದು ಕಿಟಕಿಗೆ ಹೋದೆ.

ಮೂರು ತಟ್ಟೆಗಳಲ್ಲಿ ಅದೇ ಪುಡಿ. ನಾಲ್ಕನೆಯದರಲ್ಲಿ ಪುಡಿಯಿರಲಿಲ್ಲ. ಅದರ ತಳದಲ್ಲಿ ಸಾಸಿವೆಯಷ್ಟೂ ಇಲ್ಲದ, ಆದರೆ ಬರಿಗಣ್ಣಿಗೆ ಕಾಣುವ ಹಸಿರು ಉಂಡೆಗಳು. ಭೂತಗನ್ನಡಿ ಹಿಡಿದು ನೋಡಿದೆ. ದುಂಡಗೆ, ನುಣ್ಣಗೆ, ಹತ್ತಿಪ್ಪತ್ತು ಉಂಡೆ. ತಟ್ಟೆಯನ್ನು ಮೆಲ್ಲಗೆ ಅಲುಗಿಸಿದರೂ ಒಡೆಯಲಿಲ್ಲ. ಅತ್ತೆ ಬಾವಿಯ ನೀರು ಹುಯ್ದದ್ದು ಆ ಒಂದೇ ತಟ್ಟೆಗೆ.

ತಟ್ಟೆ ಹಿಡಿದುಕೊಂಡೇ ಜಗಲಿಗೆ ಹೋದೆ. "ಅತ್ತೆ, ನಿನ್ನೆ ನಾನು ಆಡಿದ್ದು ತಪ್ಪು. ದೊಡ್ಡ ತಪ್ಪು" ಅಂದೆ.

"ಆಡಿದ್ದಾಯ್ತಲ್ಲ" ಎಂದರು, ರಸ್ತೆಯನ್ನೇ ನೋಡುತ್ತ.

"ನೀವು ನೀರು ಹಾಕಿದ ತಟ್ಟೆ ಒಂದೇ ಗೆದ್ದಿರೋದು. ನೋಡಿ."

ನೋಡದೆ ಇರುವುದು ಅವರ ಜಾಯಮಾನದಲ್ಲಿರಲಿಲ್ಲ. ಭೂತಗನ್ನಡಿಯನ್ನು ಕಣ್ಣಿಗೇ ಒತ್ತಿಕೊಂಡು, ಆಮೇಲೆ ದೂರ ಹಿಡಿದು, ತುಂಬ ಹೊತ್ತು ನೋಡಿದರು. "ಗಂಟಾಗವೆ" ಎಂದರು ಕೊನೆಗೆ. "ಸರೀಲಿ ಇಂಗ್ ಗಂಟ್ ಮಾಡಿದ್ರೆ ನಿನ್ ಕೈ ಮುರೀತಿದ್ದೆ ನಾನು. ನೀನ್ ನೋಡುದ್ರೆ ಇದಕ್ಕೆ ಕುಣೀತಿದೀಯ." ನಗು ಬಂದಿತೇನೋ, ಆದರೆ ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮಗುವಿನ ಕೆನ್ನೆ ಮುಟ್ಟಿ, ಗಂಟು ಕಂಕುಳಿಗಿಟ್ಟುಕೊಂಡು ಹೋಗಿಯೇಬಿಟ್ಟರು. ನಾನು ತಟ್ಟೆ ಹಿಡಿದುಕೊಂಡು ನಿಂತಿದ್ದೆ.

ಆ ವಾರ ಪೂರ್ತಿ ರಜೆ ಹಾಕಿದೆ. ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಬಾವಿ ನೀರಿನಲ್ಲಿ ಏನಿದೆ ಎಂದು ಹುಡುಕುತ್ತ ದಿನ ಕಳೆದೆ. ಹಂಡೆಯ ಬಿಳಿ ಪದರವನ್ನು ನೋಡಿದಾಗ ಹೊಳೆಯಿತು: ಸುಣ್ಣ. ನಾನು ಮೂರು ಸಲ ತೊಳೆದು ಕಳೆದದ್ದು ಕೊಳೆಯನ್ನಲ್ಲ, ಅದನ್ನೇ. ಎಲೆ ಅಡಿಕೆಯ ಸುಣ್ಣವನ್ನೇ ಬ್ಯಾಟರಿ ನೀರಿಗೆ ಒಂದು ಬೆರಳು ಕದಡಿದೆ. ಕ್ಷಾರ ಹೆಚ್ಚಾಗಿ ಕೋಶಗಳೆಲ್ಲ ಸತ್ತವು. ಗಂಡ ಪೇಪರಿನ ಹಿಂದಿನಿಂದ ಹೊರಗೆ ಬಂದು, ಕೊಪ್ಪದ ಹೈಸ್ಕೂಲಿನ ಲ್ಯಾಬಿನಿಂದ ಒಂದು ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡನ್ನು ಪೊಟ್ಟಣ ಕಟ್ಟಿ ತಂದರು. ಅದನ್ನು ಹಾಕಿದ ತಟ್ಟೆಯಲ್ಲಿ ಬೆಳಗಾಗುವಷ್ಟರಲ್ಲಿ ಉಂಡೆಗಳು. ಹಾಕದ್ದರಲ್ಲಿ ಪುಡಿ. ಅಷ್ಟು ಸಂತೋಷದ ವಿಷಯ ಹೇಳಲು ಮನೆಯಲ್ಲಿ ಬೈಯುವವರೇ ಇರಲಿಲ್ಲ. ಕಾಲೇಜಿನಿಂದ ಕಾಗದ ಬಂತು: ಸೋಮವಾರ ಬಾರದಿದ್ದರೆ ಬದಲಿಯವರನ್ನು ನೋಡಿಕೊಳ್ಳುತ್ತೇವೆ.

ಶನಿವಾರ ಮಗುವನ್ನೆತ್ತಿಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ. ನಾನು ಅವಮಾನ ಮಾಡಿದ್ದು ನಾಲ್ಕು ಜನರ ಮುಂದೆ. ಹಾಗಾಗಿ ನಾದಿನಿಯ ಮನೆಯ ನಡುಮನೆಯಲ್ಲಿ ಅವಳ ಅತ್ತೆ, ಮಾವ, ಮಕ್ಕಳೆಲ್ಲ ಇರುವಾಗಲೇ ಹೇಳಿದೆ: "ಅಕ್ಷರ ಕಲಿತವಳು ನಾನು ತಪ್ಪು ಮಾಡಿದೆ. ಸರಿ ಮಾಡಿದ್ದು ನೀವು. ಇಲಿ ಕಡಿಯಲಿಲ್ಲ ಅತ್ತೆ, ಬಟ್ಟೆ ಕತ್ತರಿಸಿದ್ದೂ ನಾನೇ." ಕೆಲಸ ಉಳಿಯಲಿ ಎಂದು ಹೋದದ್ದು ನಿಜ. ಆದರೆ ಹೇಳುವಾಗ ಕೆಲಸದ ನೆನಪೇ ಇರಲಿಲ್ಲ, ಅಳು ಬಂತು.

ಅತ್ತೆ ಮಗುವನ್ನು ಕೈಗೆ ತೆಗೆದುಕೊಂಡು ತೂಕ ನೋಡುವವರಂತೆ ಒಮ್ಮೆ ಎತ್ತಿ ಇಳಿಸಿದರು. "ಸರಿ ಇಟ್ಟು ಮುಗೀತಾ?"

"ಮುಗೀತು."

"ಅದ್ಕೇ ಮಗ ಇಂಗ್ ಸೊರಗದೆ" ಎಂದು ಎದ್ದು ಗಂಟು ಹುಡುಕತೊಡಗಿದರು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರು. ಎಲೆ ಅಡಿಕೆ ಹಾಕಿಕೊಳ್ಳುವಾಗ ನಾನು ಹೇಳಿದೆ: "ಎಲೆ ಇದ್ದು ಅಡಿಕೆ ಇದ್ದು ಸುಣ್ಣ ಇಲ್ಲದಿದ್ದರೆ ಬಾಯಿ ಕೆಂಪಾಗಲ್ಲ ಅಲ್ವಾ ಅತ್ತೆ? ಇದೂ ಹಂಗೇ. ಆ ಜೀವಗಳಿಗೆ ಹಿಡ್ಕೊಳ್ಳೋ ಕೈ ಇದೆ. ಸುಣ್ಣ ಇಲ್ಲದಿದ್ದರೆ ಆ ಕೈಗೆ ಬಲ ಇಲ್ಲ." ಅವರು ಅಗಿಯುತ್ತಲೇ ಯೋಚಿಸಿದರು. "ಅದ್ಕೇ ಬಾಣ್ತೀರ್ಗೆ ಎಲೆ ಅಡ್ಕೆ ಕೊಡಾದು" ಎಂದರು. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ಎಂದು ವಾದ ಮಾಡುವ ಧೈರ್ಯ ಆ ದಿನ ನನಗಿರಲಿಲ್ಲ.

ಆ 'ಕೈ' ಹೇಗಿದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ನಾನು ಓದಿದ್ದು ಬಹಳ ವರ್ಷಗಳ ನಂತರ. ನಮ್ಮ ಮೈಯ ಕೋಶಗಳ ಹೊರಮೈಯಿಂದ ಪ್ರೋಟೀನಿನ ತೋಳುಗಳು ಚಾಚಿಕೊಂಡಿರುತ್ತವೆ, ಐದು ಮಣಿ ಪೋಣಿಸಿದ ದಾರದ ಹಾಗೆ. ಮಣಿ ಮಣಿಗಳ ನಡುವಿನ ಸಂದಿಯಲ್ಲಿ ಕ್ಯಾಲ್ಸಿಯಂ ಕೂತರೆ ತೋಳು ನೆಟ್ಟಗೆ ನಿಲ್ಲುತ್ತದೆ. ಅದು ಇಲ್ಲದಿದ್ದರೆ ಜೋತು ಬೀಳುತ್ತದೆ. ನೆಟ್ಟಗೆ ನಿಂತ ತೋಳಿಗೆ ಎದುರು ಕೋಶದ ಅಂಥದೇ ತೋಳು ಸಿಕ್ಕಿದರೆ, ಇದರ ತುದಿಯ ಒಂದು ಮೊಳೆ ಅದರ ಗೂಡಿನೊಳಕ್ಕೆ, ಅದರ ಮೊಳೆ ಇದರ ಗೂಡಿನೊಳಕ್ಕೆ. ಗೆಳೆಯರಿಬ್ಬರು ಒಬ್ಬರ ಜೇಬಿನಲ್ಲಿ ಇನ್ನೊಬ್ಬರು ಕೈಯಿಟ್ಟುಕೊಂಡಂತೆ. ಕೊಡುವುದೂ ಪಡೆಯುವುದೂ ಎರಡೂ ಕಡೆ ಒಂದೇ. ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಒಂದು ಜೋಡಿಯ ಹಿಡಿತ ಏನೇನೂ ಗಟ್ಟಿಯಲ್ಲ. ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಪಕ್ಕದಲ್ಲಿ ಅಂಥ ನೂರಾರು ಜೋಡಿ ಸಾಲಾಗಿ ನಿಂತಾಗ ಮಾತ್ರ ಚರ್ಮ ಚರ್ಮವಾಗುತ್ತದೆ, ಕರುಳು ಕರುಳಾಗುತ್ತದೆ. ಸ್ಪಂಜಿನ ಕಟ್ಟು ಸ್ವಲ್ಪ ಬೇರೆ ತೆರನದು, ಅಲ್ಲಿ ಸಕ್ಕರೆ ಮೆತ್ತಿದ ಉದ್ದನೆಯ ಎಳೆಗಳ ಕಾರುಬಾರು. ಆದರೆ ಸುಣ್ಣವಿಲ್ಲದೆ ಅದೂ ಕೂಡುವುದಿಲ್ಲ. ಇದನ್ನೆಲ್ಲ ಓದಿದ ದಿನ ನಮ್ಮತ್ತೆ ಇದ್ದಿದ್ದರೆ, ಐದು ಮಣಿಯ ದಾರವನ್ನು ಮಗಳ ಸರದಲ್ಲೇ ತೋರಿಸಿ ಹೇಳುತ್ತಿದ್ದೆ.

ಸೋಮವಾರ ಕಾಲೇಜಿಗೆ ಹೋದೆ. ಬಾವಿಯ ನೀರನ್ನು ಹಾರ್ಲಿಕ್ಸ್ ಸೀಸೆಯಲ್ಲಿ ತುಂಬಿ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದದ್ದು. ಈ ಸಲ ಹಸಿರು ಸ್ಪಂಜು, ಬೂದು ಸ್ಪಂಜು ಎರಡನ್ನೂ ಹಿಂಡಿ ಒಂದೇ ತಟ್ಟೆಯಲ್ಲಿ ಬೆರೆಸಿದೆ. ಮಾರನೆಯ ದಿನ ಹುಡುಗಿಯರು ಸೂಕ್ಷ್ಮದರ್ಶಕದ ಮುಂದೆ ಸಾಲು ನಿಂತರು. ಹಸಿರು ಉಂಡೆ ಬೇರೆ, ಬೂದು ಉಂಡೆ ಬೇರೆ. ತನ್ನದನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು ಎಲ್ಲೋ ಒಂದೆರಡು. ಪ್ರಶ್ನೆ ಕೇಳಿದ್ದ ಹುಡುಗಿ ಕಣ್ಣು ತೆಗೆಯಲೇ ಇಲ್ಲ. "ಮಿಸ್, ಬಾವಿ ನೀರು ಹಾಕೋಕೆ ನಿಮಗೆ ಹೇಗೆ ಹೊಳೀತು?" ಎಂದಳು. "ನಮ್ಮತ್ತೆಗೆ ಹೊಳೀತು" ಎಂದೆ. ಜಂಬ ಬಿಟ್ಟು ಆಡಿದ ಆ ಮಾತು ಎಷ್ಟು ಹಗುರವಾಗಿತ್ತು!

ಮನೆಯಲ್ಲಿ ಮಾತ್ರ ಒಂದು ಮುಳ್ಳು ಉಳಿದಿತ್ತು. ಅತ್ತೆ ಬಂದರು, ಬೈದರು, ಸರಿ ಕಾಯಿಸಿದರು, ಎಲ್ಲ ಮೊದಲಿನ ಹಾಗೇ. ಆದರೆ ದೀಪ ಹಚ್ಚುವ ಹೊತ್ತಿಗೆ ಚೊಂಬು ಹಿಡಿದು ಬಂದವರು ನನ್ನ ತಟ್ಟೆಗಳಿದ್ದ ಕಿಟಕಿಯ ಮುಂದೆ ನಿಂತುಬಿಡುತ್ತಿದ್ದರು. "ಇದಕ್ಕೆ ಉಯ್ಯಲಾ ಮಗ, ಬ್ಯಾಡ್ವಾ?" ಎಂದು ಕೇಳುತ್ತಿದ್ದರು. ದಿನಾ. ತಮ್ಮ ಮನೆಯಲ್ಲಿ, ತಮ್ಮ ಬಾವಿಯ ನೀರನ್ನು ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳುತ್ತಿದ್ದರು. ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. "ಹಾಕಿ ಅತ್ತೆ" ಅಂದರೂ ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ನನ್ನ ಒಂದು ಮಾತು ಅವರನ್ನು ಅವರದೇ ನಡುಮನೆಯಲ್ಲಿ ನೆಂಟರಂತೆ ನಿಲ್ಲಿಸಿತ್ತು. ಹೀಗೆ ಚಳಿಗಾಲ ಕಳೆಯಿತು.

ಶಿವರಾತ್ರಿ ಕಳೆದ ಮೇಲಿನ ಒಂದು ಸಂಜೆ. ಹೊಳೆಯಲ್ಲಿ ಸ್ಪಂಜು ಒಣಗುವ ಮೊದಲು ಕೊನೆಯ ಪರೀಕ್ಷೆಯೊಂದನ್ನು ಇಟ್ಟುಕೊಂಡಿದ್ದೆ. ಎಂಟು ತಟ್ಟೆಗಳು, ಒಂದೊಂದರಲ್ಲಿ ಒಂದೊಂದು ಅಳತೆಯ ಕ್ಯಾಲ್ಸಿಯಂ, ಅಂಚಿಗೆ ಅಂಟಿಸಿದ ಚೀಟಿಗಳು. ಒಂದು ವಾರದ ಶ್ರಮ. ರೈಲಿಳಿದು ಮನೆಗೆ ಬಂದರೆ ನಡುಮನೆಯಲ್ಲಿ ದೀಪ ಉರಿಯುತ್ತಿತ್ತು. ಅತ್ತೆ ಮಗುವಿಗೆ ಸರಿ ತಿನ್ನಿಸುತ್ತಿದ್ದರು. ಕಿಟಕಿಯ ಕಟ್ಟೆ ಉದ್ದಕ್ಕೂ ಒದ್ದೆ. ಎಂಟು ತಟ್ಟೆಗಳಲ್ಲೂ ಬಾವಿಯ ನೀರು ಅಂಚು ಮೀರಿ ಹರಿದು ಚೀಟಿಗಳೆಲ್ಲ ನೆನೆದು ಬಿದ್ದಿದ್ದವು.

"ಏನಂಗ್ ನಿಂತ್ಕಂಡೆ? ಕೈ ಕಾಲ್ ತೊಳ್ಕಂಡ್ ಬಾ, ಉಣ್ಣು" ಎಂದರು, ನನ್ನ ಕಡೆ ತಿರುಗಿಯೂ ನೋಡದೆ.

ಅವತ್ತು ಅವರು, ಮೊದಲಿನ ಹಾಗೆ, ನನ್ನನ್ನು ಕೇಳದೆಯೇ ನೀರು ಹುಯ್ದಿದ್ದರು. ನಾನು ನೆನೆದ ಚೀಟಿಗಳನ್ನು ಒಂದೊಂದಾಗಿ ಎತ್ತಿಕೊಂಡೆ, ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ, ಬಂದು ಅವರ ಪಕ್ಕ ಊಟಕ್ಕೆ ಕುಳಿತೆ.